ಖಂಡೇಪೂಜೆಯ ಮೋಟಾರು

ಬ್ಯಾಡಗಿ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ಈಗಲೂ ಅಜ್ಜನ ಟ್ರಂಕು ತೆರೆದಂತಾಗುತ್ತದೆ. ಹುಳ ಹತ್ತಬಾರದೆಂದು ಅವನು ತನ್ನ ಅಪ್ಪನ ಫೋಟೋವನ್ನು ಅದರಲ್ಲಿ ಮೆಣಸಿನಕಾಯಿಗಳ ನಡುವೆ ಇಟ್ಟಿದ್ದ. ಬ್ರಿಟಿಷರ ಪಲ್ಟನ್ನಿನಲ್ಲಿದ್ದ ಮುತ್ತಜ್ಜ, ಫೋಟೋದಲ್ಲಿ ತೋಪಿನ ನಳಿಗೆ ಚಾಚಿದ ಉಕ್ಕಿನ ಯುದ್ಧದ ಮೋಟಾರಿಗೆ ಒರಗಿ ನಿಂತಿದ್ದ. ದಸರೆಯಲ್ಲಿ ಕಬ್ಬಿಣದ ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಕುಡಗೋಲು, ಕೊಡಲಿಗಳ ಜೊತೆ ಆ ಫೋಟೋಕ್ಕೂ ವಿಭೂತಿ ಹಚ್ಚುತ್ತಿದ್ದೆವು. "ಇಂಥಾ ಗಾಡಿಯಿಂದನ ನಮ್ಮ ಮಂದಿ ಮ್ಯಾಲೆ ಗುಂಡು ಹಾರಿಸ್ಯಾರ" ಎಂದು ನೆಂಟರೊಬ್ಬರು ಅಂದ ಮೇಲೆ ಅಜ್ಜ ಅದನ್ನು ಹೊರಗೆ ತೆಗೆಯಲೇ ಇಲ್ಲ.

ಮರುವರ್ಷ ಪೂಜೆಯ ಮಧ್ಯಾಹ್ನ ಕಾಕಾ ಹಾವೇರಿಯಿಂದ ಬಂದ. ಹಳೆಯ ಯುದ್ಧಗಾಡಿಗಳನ್ನು ಗುರುತಿಸುವ ಪರದೇಶದವರಿಗೆ ಅವನು ತನ್ನ ಬಳಿಯಿದ್ದ ಆ ಫೋಟೋದ ಪ್ರತಿಯನ್ನು ಇಂಟರ್‌ನೆಟ್ ಅಂಗಡಿಯಿಂದ ಕಳಿಸಿದ್ದ.

"ಅಪ್ಪಾ, ಈ ಗಾಲಿ ಉಕ್ಕಿನ ಭಾರ ತಡಿಯೂದಿಲ್ಲಂತ. ಸಣ್ಣ ಕಾರಿಗೆ ಕಟಗಿ ಬಡದು ತಾಡಪತ್ರಿ ಹೊದಿಸ್ಯಾರ. ಎರಡನೇ ಮಹಾಯುದ್ಧಕ್ಕಿಂತ ಮೊದಲ ಸಿಪಾಯಿಗಳ ತಾಲೀಮಿಗೆ ಇಂಥಾವು ಇದ್ದುವಂತ."

"ತೋಪು?"

"ಅದೂ ಕಟಗೀನ. ಅದರಿಂದ ಗುಂಡು ಹಾರೂದಿಲ್ಲ."

ಅಜ್ಜ ಟ್ರಂಕಿನಿಂದ ಫೋಟೋ ತಂದು, ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಉಕ್ಕಿನ ಮೇಲೆ ಬಟ್ಟೆಯ ಸುಕ್ಕುಗಳಿದ್ದವು. ಆಮೇಲೆ ಅದನ್ನು ಕುಡಗೋಲಿನ ಪಕ್ಕ ಇಟ್ಟ.

"ಅದರಾಗ ಲೋಖಂಡನ ಇಲ್ಲಂದ್ರ ಖಂಡೇಪೂಜಿಗೆ ಹೆಂಗ ಇಡ್ತೀರಿ?" ಅಜ್ಜಿ ಕೇಳಿದಳು.

"ಇಲ್ಲಂತನ ಇಡಾಕತ್ತೇನಿ" ಎಂದು ಅಜ್ಜ ನನ್ನ ಕೈಯಿಂದ ವಿಭೂತಿ ತಟ್ಟೆ ತೆಗೆದುಕೊಂಡ.