ಹಲಗೆಯ ಮೇಲಿನ ನೆರಳು

"ಗೌಡ್ರ, ನಿಮ್ಮ ನೆಳ್ಳು ಹಲಗಿ ಮ್ಯಾಲ ಬೀಳಾಕತ್ತದ. ಹಿಂದ ಸರೀರಿ," ಎಂದ ದಶರಥ.

ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಊರ ಹೊರಗಿನ ಕೇರಿಯವನೊಬ್ಬ ನೀಲಕಂಠಗೌಡರಿಗೆ ಹಿಂದೆ ಸರಿಯಿರಿ ಎಂದದ್ದನ್ನು ಸೇಡಂ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ಆದರೆ ದಶರಥ ಈಗ ಉಪಗ್ರಹದವರ ತಂಡದ ನೌಕರ. ಮೇಲೆ ಉಪಗ್ರಹ ಹಾದುಹೋಗುವ ಹೊತ್ತಿಗೆ ಕೆಳಗೆ ಬಿಳಿ ಹಲಗೆಯಿಂದಲೂ ಬೆಳೆಯಿಂದಲೂ ಪುಟಿಯುವ ಬೆಳಕನ್ನು ಅಳೆದಿಡಬೇಕು; ಮೇಲಿಂದ ತೆಗೆದ ಚಿತ್ರ ಎಷ್ಟು ಸರಿ ಎಂಬುದು ಅದರಿಂದಲೇ ತಿಳಿಯುತ್ತದೆ. ಬೆಳಕು ಅಳೆಯುವ ಯಂತ್ರದಲ್ಲೇ ಕಣ್ಣು ನೆಟ್ಟಿದ್ದ ತಂಡದ ಸಾಹೇಬರು ತಲೆಯೆತ್ತದೆಯೇ, "ನೆರಳು ಬೀಳಲೇಬಾರದು, ದೂರ ನಿಲ್ಲಿ," ಎಂದರು. ಸಾಹೇಬರೇ ಹೇಳಿದ ಮೇಲೆ ಗೌಡರು ಹಲಗೆಯನ್ನೇ ನೋಡುತ್ತ ಎರಡು ಹೆಜ್ಜೆ ಹಿಂದಕ್ಕಿಟ್ಟರು.

"ಇನ್ನೂ ಹಿಂದ್ರಿ."

ಹಿಂದೊಮ್ಮೆ ಇದೇ ಹೊಲದ ಕಣದಲ್ಲಿ ದಶರಥನ ಅವ್ವ ಅನಸುಬಾಯಿಯ ನೆರಳು ಜೋಳದ ರಾಶಿಗೆ ತಾಗಿತೆಂದು, "ಇನ್ನೂ ಹಿಂದ, ಇನ್ನೂ ಹಿಂದ" ಎನ್ನುತ್ತ ಗೌಡರು ಅವಳನ್ನು ಬರಿಗಾಲಲ್ಲಿ ಜಾಲಿಮುಳ್ಳಿನ ಬೇಲಿಯವರೆಗೂ ಹಿಮ್ಮೆಟ್ಟಿಸಿದ್ದರು. ಈಗ ಗೌಡರೂ ಚಪ್ಪಲಿಗಳನ್ನು ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲಿದ್ದರು.

"ಇನ್ನೂ ಹಿಂದ್ರಿ," ಎಂದ ದಶರಥ, ಅವರ ಹಿಮ್ಮಡಿ ಬೇಲಿಗೆ ಮುಟ್ಟುವವರೆಗೂ. ಗೌಡರು ಒಂಟಿಕಾಲಲ್ಲಿ ನಿಂತು ಅಂಗಾಲಿನ ಮುಳ್ಳು ಕೀಳುತ್ತ, "ಈಗ ಸರಿ ಆಯ್ತೇನಪ್ಪಾ?" ಎಂದು ಮೆತ್ತಗೆ ಕೇಳಿದರು.

ದಶರಥ ಹಲಗೆಯತ್ತ ನೋಡಲೂ ಇಲ್ಲ. ಬೆಳಗಿನ ಬಿಸಿಲು ಗೌಡರ ಮುಖಕ್ಕೆ ಹೊಡೆಯುತ್ತಿತ್ತು. ಅವರ ನೆರಳು ಮೊದಲಿನಿಂದಲೂ ಬಿದ್ದಿದ್ದು ಅವರ ಬೆನ್ನ ಹಿಂದೆಯೇ.