ಒಂಬತ್ತು ಸೂರ್ಯಾಸ್ತ

“ಚಪ್ಪಲಿ ಹುಡುಕಿದ್ರು ಕಣೇ,” ಅಂದ ಬ್ಯಾಟರಿ ಮಾವ, ತಂಗಿಯ ಮಗಳ ಮುಖ ನೋಡದೆ. ಆ ಒಂದೇ ಮಾತಿಗೆ ಅವಳ ಮೊಟ್ಟಮೊದಲ ಸಿನಿಮಾ, ಮೂರು ವರ್ಷದ ದುಡಿಮೆ, ಚಿತ್ರಮಂದಿರದ ಮೆಟ್ಟಿಲ ಮೇಲೆಯೇ ಕುಸಿದು ಕೂತಿತು. ಬಿಡುಗಡೆಗೆ ಇನ್ನು ಹನ್ನೆರಡೇ ದಿನ.

ಮಾವನ ಬಾಯಿಂದ ಆ ಮಾತು ಬಿದ್ದ ಮೇಲೆ ಬದುಕಿದ ಸಿನಿಮಾ ಭೂಮಂಡಲದಲ್ಲೇ ಇಲ್ಲ. ಮೂವತ್ತೊಂದು ವರ್ಷದಿಂದ ಅವನು ಕತ್ತಲಲ್ಲಿ ಬ್ಯಾಟರಿ ಬಿಟ್ಟು ಜನರಿಗೆ ಸೀಟು ತೋರಿಸುವವನು. ಬೆಳಕು ಮುಖಕ್ಕೆ ಬಿದ್ದರೆ ಜನ ಬೈಯುತ್ತಾರೆ, ನೆಲಕ್ಕೇ ಬಿಡಬೇಕು. ಹಾಗಾಗಿ ಅವನು ಪರದೆ ನೋಡಿದವನೇ ಅಲ್ಲ, ನೋಡಿದ್ದೆಲ್ಲ ಬರೀ ಕಾಲು. ಇಂಟರ್‌ವಲ್‌ನಲ್ಲಿ ದೀಪ ಆರಿಸಿ ಮುಂದೆ ಬರುವ ಸಿನಿಮಾದ ಟ್ರೈಲರ್ ಹಾಕಿದಾಗ, ಚಪ್ಪಲಿ ಕಳಚಿದ ಕಾಲುಗಳು ಹಾಗೇ ಮರೆತು ಕೂತರೆ ಆ ಸಿನಿಮಾ ಗೆದ್ದಿತು. ಹೆಬ್ಬೆರಳುಗಳು ಕತ್ತಲಲ್ಲಿ ಚಪ್ಪಲಿ ತಡಕತೊಡಗಿದರೆ ಮುಗಿಯಿತು, ಆ ಕಾಲಿಗೆ ಹೊರಗಿನ ಟೀ ನೆನಪಾಗಿದೆ ಎಂದರ್ಥ. ಇಪ್ಪತ್ತು ಆನೆಗಳನ್ನು ಕುಣಿಸಿದ ಚಿತ್ರವನ್ನೂ ಅವನು ಈ ಒಂದು ಹೆಬ್ಬೆರಳಿನಿಂದ ಮಲಗಿಸಿದ್ದ. ದೊಡ್ಡ ದೊಡ್ಡ ಹೀರೋಗಳು ಆ ಬೀದಿಗೆ ಬಂದರೆ ಕಾರಿನ ದೀಪ ಆರಿಸಿಕೊಂಡು ಹೋಗುತ್ತಿದ್ದರು. ಚಿತ್ರಮಂದಿರದ ಯಜಮಾನರಂತೂ ಮಗಳಿಗೆ ಗಂಡು ಗೊತ್ತುಮಾಡಿದ್ದೂ ಬ್ಯಾಟರಿ ಮಾವನಿಂದ ಹುಡುಗನ ಕಾಲು ನೋಡಿಸಿಯೇ.

“ನಾನು ನಿನ್ನ ಸ್ವಂತ ತಂಗಿ ಮಗಳು, ಮಾವ! ಒಂದೇ ಒಂದು ಸುಳ್ಳು ಹೇಳೋಕಾಗಲ್ವಾ?”

“ಸ್ವಂತದವಳು ಅಂತಾನೇ ಈಗ ಹೇಳಿದ್ದು. ಬೇರೆಯವರಾಗಿದ್ರೆ ಅವರೇ ಬಂದು ಕೇಳೋವರೆಗೂ ಬಾಯಿ ಬಿಡ್ತಿರಲಿಲ್ಲ.”

“ನಿನ್ನ ಬ್ಯಾಟರಿ ಸೆಲ್ ವೀಕಾಗಿದೆ.”

“ನಿನ್ನೆ ಹಾಕಿದ ಸೆಲ್ಲು. ಬಾ, ನೀನೇ ನೋಡು.”

ಮ್ಯಾಟಿನಿಯ ಇಂಟರ್‌ವಲ್‌ನಲ್ಲಿ ಮಾವ ಸೊಸೆ ಇಬ್ಬರೂ ನಡುದಾರಿಯಲ್ಲಿ ಕುಕ್ಕರಗಾಲಲ್ಲಿ ಕೂತರು. ಒಂದು ಹೊಲಿಗೆ ಯಂತ್ರಕ್ಕಾಗಿ ಅಕ್ಕತಂಗಿಯರು ಜಗಳವಾಡುವ ಅವಳ ಸಿನಿಮಾದ ಟ್ರೈಲರ್ ಮೇಲೆ ಪರದೆಯಲ್ಲಿ ಶುರುವಾಯಿತು. ಕೆಳಗೆ ಬ್ಯಾಟರಿ ಬೆಳಕು ಸಾಲಿನಿಂದ ಸಾಲಿಗೆ ತೆವಳಿತು. ಅಕ್ಕ ಬಾಯಿ ಮಾಡಿದಳು, ಕಾಲುಗಳು ಅಲುಗಲಿಲ್ಲ. ತಂಗಿ ಯಂತ್ರದ ಸೂಜಿ ಕಿತ್ತುಕೊಂಡು ಓಡಿದಳು, ಒಂದು ಕಾಲಂತೂ ಖುಷಿಗೆ ಮುಂದಿನ ಸೀಟನ್ನೇ ಒದೆಯಿತು. ಆಮೇಲೆ ಪರದೆಯ ತುಂಬ ಸೂರ್ಯ ಮುಳುಗತೊಡಗಿದ. ಹನ್ನೊಂದು ದಿನ ಗುಡ್ಡದ ಮೇಲೆ ಕಾದು ತೆಗೆದ ಸೂರ್ಯಾಸ್ತ, ಅವಳ ಪ್ರಾಣ! ಅದೇ ಗಳಿಗೆಗೆ ಇನ್ನೂರು ಹೆಬ್ಬೆರಳುಗಳು ಒಟ್ಟಿಗೇ ಎಚ್ಚರಗೊಂಡು ಪರಪರ ನೆಲ ಕೆರೆಯತೊಡಗಿದವು.

ಅವಳು ಬಗ್ಗಿ ಪಕ್ಕದ ಸಾಲು ನೋಡಿದಳು, ಅಲ್ಲೂ ಅದೇ ಪರಪರ.

“ಸೂರ್ಯ ಮುಳುಗಿದ್ರೆ ಜನ ಮನೆಗೆ ಹೊರಡ್ತಾರೆ ಕಣೇ,” ಮಾವ ಪಿಸುಗುಟ್ಟಿದ. “ಪೂರ್ತಿ ಸಿನಿಮಾದಲ್ಲಿ ಎಷ್ಟು ಸಲ ಮುಳುಗ್ತಾನೆ?”

“ಒಂಬತ್ತು.”

“ಅಯ್ಯೋ ನನ್ನ ತಾಯಿ! ಸೂರ್ಯನೇ ಸುಸ್ತಾಗಿರ್ತಾನೆ.”

ಅವಳು ಎದ್ದು ನೇರ ಎಡಿಟಿಂಗ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಂಟು ಸೂರ್ಯರನ್ನು ಕತ್ತರಿಸಿ ಎಸೆದಳು. ಕ್ಯಾಮೆರಾದವನು ಅತ್ತ ಅಳುವಿಗೆ ಕೋಣೆಯ ಗೋಡೆಗಳು ಬೆವರಿದವು. ಕೊನೆಯದೊಂದನ್ನು ಮಾತ್ರ, ಅಕ್ಕತಂಗಿ ರಾಜಿಯಾದ ಮೇಲೆ ಬರುವುದನ್ನು, ಮುಟ್ಟಲಿಲ್ಲ.

ಇತ್ತ ಯಜಮಾನರು ಬ್ಯಾಟರಿ ಮಾವನನ್ನು ಕರೆಸಿ ಕೇಳಿದರು, “ಏನಯ್ಯಾ, ನಿನ್ನ ಸೊಸೆ ಸಿನಿಮಾ?”

“ಬೀಳುತ್ತೆ ಸಾರ್. ಆದ್ರೂ ಹಾಕಿ.”

“ತಲೆ ಕೆಟ್ಟಿದೆಯಾ? ಬೀಳೋದನ್ನ ಯಾಕಯ್ಯಾ ಹಾಕಲಿ?”

“ನಾನು ನೋಡಿದ್ದು ಬೀಳೋ ಸಿನಿಮಾ. ಅವಳು ಕೂತು ಮಾಡ್ತಿರೋದು ಬೇರೆ ಸಿನಿಮಾ. ಮೂವತ್ತೊಂದು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದೀನಿ ಸಾರ್, ಎಲ್ಲರೂ ನನಗೇ ಬೈದ್ರು. ಇವಳೂ ಬೈದ್ಲು, ಆದರೆ ನೆಲದ ಮೇಲೆ ಕೂತು ನೋಡಿದ್ಲು. ನನ್ನ ಮಾತು ಒಂದು ಸಲ ಸುಳ್ಳಾಗಲಿ ಬಿಡಿ.”

ಶುಕ್ರವಾರ ಚಿತ್ರಮಂದಿರ ಎಷ್ಟು ತುಂಬಿತ್ತೆಂದರೆ ನೊಣಕ್ಕೂ ನಿಂತುಕೊಂಡೇ ನೋಡುವ ಗತಿ. ದೀಪ ಆರುವ ಹೊತ್ತಿಗೆ ಮಾವ ಬ್ಯಾಟರಿಯನ್ನು ಅವಳ ಕೈಗೆ ತುರುಕಿದ. “ಇವತ್ತು ನೀನೇ ನೋಡ್ಕೋ. ನನ್ನ ಕೈಲಿ ಆಗಲ್ಲ.”

ಎರಡೂಕಾಲು ಗಂಟೆ ಅವಳು ತನ್ನ ಸಿನಿಮಾ ನೋಡಲಿಲ್ಲ, ಕಾಲು ನೋಡಿದಳು. ಕೊನೆಗೆ ಉಳಿದಿದ್ದ ಆ ಒಂಟಿ ಸೂರ್ಯ ಮುಳುಗತೊಡಗಿದಾಗ ಉಸಿರು ಬಿಗಿಹಿಡಿದು ಒಂದೊಂದೇ ಸಾಲಿಗೆ ಬೆಳಕು ಬಿಟ್ಟಳು. ಒಂದು ಹೆಬ್ಬೆರಳೂ ಅಲುಗಲಿಲ್ಲ. ಹಿಂದಿನ ಬಾಗಿಲ ಹತ್ತಿರ ಮಾತ್ರ ಹಳೆಯ ಒಂಟಿ ಚಪ್ಪಲಿಯೊಂದು ಅಂಗಾತ ಬಿದ್ದಿತ್ತು. ಬೆಳಕನ್ನು ಸ್ವಲ್ಪ ಮೇಲೆತ್ತಿದಳು. ಸ್ಟೂಲಿನ ಮೇಲೆ ಬರಿಗಾಲು ಮಡಚಿ ಕೂತ ಮಾವ, ಬಾಯಿ ತೆರೆದುಕೊಂಡು, ಹುಟ್ಟಿದ ಮೇಲೆ ಮೊದಲ ಸಲವೆಂಬಂತೆ ಪರದೆ ನೋಡುತ್ತಿದ್ದ.

ದೀಪ ಹತ್ತಿತು, ಚಪ್ಪಾಳೆಗೆ ಸೂರು ಹಾರಿತು, ಜನ ಅವಳನ್ನು ಮುತ್ತಿಕೊಂಡರು. ಆ ಗದ್ದಲದ ನಡುವೆಯೂ ಹಿಂದಿನಿಂದ ಮಾವನ ಕೂಗು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು:

“ಲೇ, ಸ್ವಲ್ಪ ಬ್ಯಾಟರಿ ಬಿಡೇ ಇತ್ತ. ನನ್ನ ಇನ್ನೊಂದು ಚಪ್ಪಲಿ ಎಲ್ಲಿ ಹೋಯ್ತು?”