ಫೋನಿಗೆ ಸಲ್ಲದ ದನಿ

ಗಾಡಿ ಓಡಿಸುತ್ತ ಫೋನೆತ್ತಿದವನ ದನಿಯನ್ನು ಒಂದು ವರ್ಷ ಯಾವ ಫೋನೂ ಸಾಗಿಸಬಾರದೆಂಬುದು ಕಾನೂನು. ಟಂಟಂ ಆಟೋ ಓಡಿಸುವ ಚನ್ನವೀರಪ್ಪ ಅಂದು ಎತ್ತಿದ್ದು, “ಗಾಡಿ ಹೊಡ್ಯಾಕತ್ತೇನಿ, ಆಮ್ಯಾಲೆ ಮಾಡು” ಎನ್ನಲಿಕ್ಕಷ್ಟೇ. ಅಷ್ಟಕ್ಕೇ ದನಿ ಹೋಗಿ ಈಗ ಐದು ತಿಂಗಳು.

ಬೆಳಗಿನಿಂದ ಅವನ ಜೀವ ಒಂದು ಕಡೆ ನಿಂತಿರಲಿಲ್ಲ. ದೂರದ ಊರಿನ ಆಸ್ಪತ್ರೆಯಲ್ಲಿ ಮಗಳು ಸುವರ್ಣಾಳನ್ನು ಹೆರಿಗೆಯ ಆಪರೇಷನ್ನಿಗೆ ಒಯ್ಯುವವರಿದ್ದರು. ಫೋನು ಕೂಗಿದ್ದೇ ತಡ, ಬೇವಿನ ಮರದಡಿ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಸ್ಪೀಕರ್ ಒತ್ತಿದ.

“ಯಪ್ಪಾ, ಒಳಗ ಕರಿಯಾಕತ್ತಾರ. ಅಂಜಿಕಿ ಬರಾಕತ್ತೈತಿ. ಅದೀ ಇಲ್ಲೋ?”

“ಅದೀನವ್ವಾ!” ಎಂದು ಅವನು ಒದರಿದ್ದು ಗಾಡಿಯಲ್ಲಿದ್ದವರಿಗೆಲ್ಲ ಕೇಳಿಸಿತು, ಅವಳಿಗೆ ಮಾತ್ರ ಇಲ್ಲ.

ಹಿಂದೆ ಕುಳಿತಿದ್ದ ಮುದುಕಿ ನೀಲವ್ವ ಫೋನು ಕಸಿದುಕೊಂಡಳು. “ನಿಮ್ಮಪ್ಪ ಇಲ್ಲೇ ಅದಾನ ತಂಗಿ. ಬಾಯಿ ಐತಿ, ಸರಕಾರ ಕೀಲಿ ಹಾಕೇತಿ, ಅಷ್ಟ.”

“ನೀವ್ಯಾರೋ ಏನೋ! ನನಗ ನಮ್ಮಪ್ಪ ಬೇಕು,” ಎಂದು ಸುವರ್ಣಾ ಅತ್ತೇಬಿಟ್ಟಳು.

ಚನ್ನವೀರಪ್ಪ ಸೀಟಿನಲ್ಲಿ ಚಡಪಡಿಸಿದ. ಫೋನಿಗೆ ಗುರುತಿದ್ದದ್ದು ಅವನ ದನಿ, ಅಂಗೈಯಲ್ಲ. ನೀಲವ್ವನ ಕೈಯಲ್ಲಿದ್ದ ಫೋನಿನ ಮುಂದೆ ಬಾಗಿ, ಮಗಳನ್ನು ಮಗ್ಗುಲಿಗೆ ಕೂರಿಸಿಕೊಂಡು ಹಾಡುತ್ತಿದ್ದ ಸೋಮವಾರದ ಭಜನೆಯ ತಾಳಕ್ಕೆ ಚಪ್ಪಾಳೆ ತಟ್ಟತೊಡಗಿದ.

ಅತ್ತ ಅಳು ನಿಂತಿತು. ಸ್ವಲ್ಪ ಹೊತ್ತಿಗೆ ನಗೆ ಕೇಳಿಸಿತು.

“ಮೂರನೇ ಪೆಟ್ಟು ಈಗೂ ಜಾರಿತು ನೋಡ್ರಿ, ನಮ್ಮಪ್ಪನ ಹೌದು,” ಎಂದು ಅವಳು ಅಲ್ಲಿ ಯಾರಿಗೋ ಹೇಳಿದಳು. “ನಡೀರಿ ಸಿಸ್ಟರ್, ಹೋಗೂಣು.”